ಎನ್‌ಎಚ್‌ಎಲ್ ಸೀಸನ್ ಶುರುವಾಗೋ ಮುಂಚೆ ಟೀಮ್‌ಗಳನ್ನ ಅಳೆಯೋದು ಹೇಗೆ

ಎನ್‌ಎಚ್‌ಎಲ್ ಅಂದ್ರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್. ಅದ್ರ 2026-27ರ ಸೀಸನ್‌ಗೆ ಯಾವ ಟೀಮ್ ಗಟ್ಟಿ ಅಂತ ನೋಡ್ಬೇಕಂದ್ರೆ ಮೊದ್ಲು ಸ್ಟಾರ್ ಪ್ಲೇಯರ್ ಹೆಸರು ಬಿಟ್ಟು ಗೋಲ್‌ಕೀಪರ್ ನೋಡಿ. ಒಂದು ಮ್ಯಾಚಲ್ಲಿ ಸುಮಾರು 30 ಶಾಟ್ ಬರುತ್ತೆ ಅಂದ್ಕೊಳ್ಳಿ, 27 ತಡೆದ್ರೆ 90 ಪರ್ಸೆಂಟ್, ಇನ್ನೊಬ್ಬ 91 ಪರ್ಸೆಂಟ್ ತಡೀತಾನೆ ಅಂದ್ರೆ ಏನ್ ಮಹಾ ಅನ್ಸುತ್ತೆ, ಆದ್ರೆ ಈ ಸಲ ಮ್ಯಾಚ್‌ಗಳು 82ರಿಂದ 84 ಆಗಿವೆ, ಲೆಕ್ಕ ಹಾಕಿದ್ರೆ ಆ ಒಂದು ಪರ್ಸೆಂಟೇ ಸೀಸನ್‌ಗೆ 25 ಗೋಲ್ ಆಗುತ್ತೆ! ಒಬ್ನೇ ಕೀಪರ್ ಅಷ್ಟೂ ಆಡಲ್ಲ, ಅದಕ್ಕೆ ಎರಡನೇ ಕೀಪರ್ ಯಾರು ಅಂತಾನೂ ನೋಡ್ಲೇಬೇಕು.

ಆಮೇಲೆ ದುಡ್ಡು. ಪ್ರತಿ ಟೀಮ್‌ಗೂ ಸಂಬಳದ ಮಿತಿ ಇದೆ, ಈ ಸೀಸನ್‌ಗೆ 10.4 ಕೋಟಿ ಡಾಲರ್. ಮಿನೆಸೋಟ ಟೀಮಲ್ಲಿ ಸ್ಟಾರ್ ಫಾರ್ವರ್ಡ್ ಕಪ್ರಿಜೋವ್‌ಗೆ ವರ್ಷಕ್ಕೆ 1.7 ಕೋಟಿ, ಎಡ್ಮಂಟನ್ ಟೀಮಲ್ಲಿ ಇನ್ನೊಬ್ಬ ಸ್ಟಾರ್ ಫಾರ್ವರ್ಡ್ ಮೆಕ್‌ಡೇವಿಡ್ ವರ್ಷಕ್ಕೆ ಬರೀ 1.25 ಕೋಟಿಗೆ ಸೈನ್ ಮಾಡಿದಾನೆ, ಉಳಿದ ದುಡ್ಡಲ್ಲಿ ಎಡ್ಮಂಟನ್ ಒಬ್ಬ ಒಳ್ಳೆ ಡಿಫೆಂಡರನ್ನ ತರಬಹುದು, ನನ್ ಪ್ರಕಾರ ಇದು ತುಂಬಾ ದೊಡ್ಡ ಲಾಭ.

ಪ್ರೀ-ಸೀಸನ್ ಸ್ಕೋರ್ ನಂಬ್ಬೇಡಿ, ಅದ್ರಲ್ಲಿ ಹೊಸ ಹುಡುಗ್ರೇ ಜಾಸ್ತಿ.

ಪಾಯಿಂಟ್ಸ್ ಟೇಬಲ್ ಓದುವಾಗ ಒಂದ್ ವಿಷ್ಯ, ಗೆದ್ರೆ 2, ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಸೋತ್ರೂ 1 ಸಿಗುತ್ತೆ. 32 ಟೀಮ್‌ಗಳಲ್ಲಿ 16 ಪ್ಲೇಆಫ್‌ಗೆ ಹೋಗೋದ್ರಿಂದ ಆ ಒಂದೊಂದು ಪಾಯಿಂಟೇ ಲೀಗ್ ಹಂತ ಮುಗಿಯೋ ಏಪ್ರಿಲ್‌ನಲ್ಲಿ ಪ್ರಾಣ ಉಳಿಸುತ್ತೆ.

ಬೆಂಗಳೂರಲ್ಲಿ ಕೂತು ನೋಡೋರು ಅಲಾರಂ ಬದಲಾಯಿಸೋದ್ ಮರೀಬೇಡಿ: ಟೊರಾಂಟೊದ ಸಂಜೆ 7ರ ಮ್ಯಾಚ್ ಅಕ್ಟೋಬರ್‌ನಲ್ಲಿ ನಮ್ಗೆ ಬೆಳಗಿನ ಜಾವ 4:30ಕ್ಕೆ, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ್ಮೇಲೆ 5:30ಕ್ಕೆ.