ಬಯಲುಸೀಮೆಯಲ್ಲಿ ಕಡಲ ಬ್ಯಾಕ್ಟೀರಿಯಾ ಬೆಳೆಸುವ ಬಗೆ

ಕಡಲಿನಿಂದ ದೂರವಿರುವ ದಾವಣಗೆರೆಯ ಕಾಲೇಜು ಪ್ರಯೋಗಾಲಯದಲ್ಲೂ ಕಡಲ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ರೋಗಾಣುಗಳನ್ನು ತಡೆಯುವ ಸಂಯುಕ್ತಗಳನ್ನು ಹುಡುಕಬಹುದು. ಮಾರ್ಗದರ್ಶಕರ ಸಮ್ಮುಖದಲ್ಲೇ ಈ ಕೆಲಸ ನಡೆಯಬೇಕು.

ಮೊದಲು ಕಾರವಾರ ಅಥವಾ ಹೊನ್ನಾವರದ ಕಡಲಂಚಿನ ಕೆಸರನ್ನು ಕ್ರಿಮಿಶುದ್ಧ ಡಬ್ಬಿಯಲ್ಲಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ತನ್ನಿ. ಜೊತೆಗೆ ಕೆಲವು ಲೀಟರ್ ಸಮುದ್ರದ ನೀರನ್ನೂ ತರುವುದು ಜಾಣತನ. ಆ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು, ಸೋಡಿಯಂ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಇರುವುದರಿಂದ, ಅಡುಗೆ ಉಪ್ಪು ಕರಗಿಸಿದ ನೀರು ಅದಕ್ಕೆ ಸಾಟಿಯಾಗದು. ಲವಣಗಳನ್ನು ಬೆರೆಸಿ ಕೃತಕವಾಗಿ ತಯಾರಿಸುವುದಾದರೆ ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಚಿತ್ರದುರ್ಗದ ಹಲವು ಕಡೆಗಳಂತೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ಇದಕ್ಕೆ ತಕ್ಕುದಲ್ಲ.

ಪ್ರತಿಜೀವಕಗಳ ಕಣಜವೆನಿಸಿದ ಆಕ್ಟಿನೊಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ನೀರಿನಲ್ಲಿ ಕದಡಿದ ಕೆಸರಿನ ದ್ರಾವಣವನ್ನು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರೇಳು ನಿಮಿಷ ಕಾಯಿಸಿದರೆ ವೇಗವಾಗಿ ಹಬ್ಬುವ ಹಲವು ಬ್ಯಾಕ್ಟೀರಿಯಾಗಳು ಹಿಂದೆ ಸರಿಯುತ್ತವೆ. ಸಮುದ್ರದ ನೀರಿನಲ್ಲಿ ತಯಾರಿಸಿ, ಶಿಲೀಂಧ್ರ ತಡೆಯಲು ನಿಸ್ಟಾಟಿನ್ ಬೆರೆಸಿದ ಪಿಷ್ಟ-ಕೇಸೀನ್ ಅಗರ್‌ನ (ಬ್ಯಾಕ್ಟೀರಿಯಾ ಬೆಳೆಸಲು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಜೆಲ್ಲಿಯಂಥ ಮಾಧ್ಯಮ) ಮೇಲೆ ಈ ದ್ರಾವಣ ಹರಡಿ, 28 ಡಿಗ್ರಿಯಲ್ಲಿ ಎರಡರಿಂದ ಆರು ವಾರ ಕಾಯಿರಿ. ಮೂರನೆಯ ದಿನವೇ ತಟ್ಟೆ ಎಸೆದವರು ತಾವು ಹುಡುಕುತ್ತಿದ್ದುದನ್ನೇ ಎಸೆದಿರುತ್ತಾರೆ.

ಪುಡಿಪುಡಿಯಾಗಿ ಕಾಣುವ ಗಟ್ಟಿ ವಸಾಹತುಗಳನ್ನು (ಬ್ಯಾಕ್ಟೀರಿಯಾ ಗುಂಪುಗಳನ್ನು) ಆರಿಸಿ, ಶುದ್ಧಗೊಳಿಸಿ, ದ್ರವ ಮಾಧ್ಯಮಕ್ಕೆ ಹಾಕಿ. ಫ್ಲಾಸ್ಕಿನ ಐದನೆಯ ಒಂದು ಭಾಗ ಮಾತ್ರ ತುಂಬಿ, ಏಳೆಂಟು ದಿನ ಶೇಕರ್‌ನಲ್ಲಿ ಕುಲುಕಿದರೆ ಗಾಳಿ ಸಾಕಷ್ಟು ದೊರೆಯುತ್ತದೆ. ಪೋಷಕಾಂಶ ಕಡಿಮೆಯಾಗಿ ಬೆಳವಣಿಗೆ ನಿಧಾನವಾದ ಬಳಿಕವೇ ಇಂಥ ಸಂಯುಕ್ತಗಳು ಸಾಮಾನ್ಯವಾಗಿ ಹೆಚ್ಚು ಉತ್ಪತ್ತಿಯಾಗುವುದರಿಂದ, ಮೂರನೆಯ ದಿನದಿಂದ ಪ್ರತಿದಿನ ಸ್ವಲ್ಪ ದ್ರವ ತೆಗೆದು ಪರೀಕ್ಷಿಸಬೇಕು.

ಕೋಶಗಳನ್ನು ಬೇರ್ಪಡಿಸಿದ ದ್ರವಕ್ಕೆ ಸಮಪ್ರಮಾಣದ ಈಥೈಲ್ ಅಸಿಟೇಟ್ ಸೇರಿಸಿ ಕುಲುಕಿ, ಮೇಲಿನ ಪದರವನ್ನು ಆವಿಯಾಗಿಸಿದರೆ ಸಾರ ಉಳಿಯುತ್ತದೆ. ಇದನ್ನು ಆವಿಯನ್ನು ಹೊರಗೆಳೆಯುವ ಧೂಮಕೋಷ್ಠದಲ್ಲೇ (ಫ್ಯೂಮ್ ಹುಡ್) ಮಾಡಿ. ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವನ್ನು ಹರಡಿದ ಮುಲ್ಲರ್-ಹಿಂಟನ್ ಅಗರ್‌ನಲ್ಲಿ 6 ಮಿಲಿಮೀಟರ್ ಕುಳಿ ಕೊರೆದು, ದ್ರಾವಕದಲ್ಲಿ ಕರಗಿಸಿದ ಸಾರ ಹಾಕಿ, 37 ಡಿಗ್ರಿಯಲ್ಲಿ ಒಂದು ದಿನ ಇಟ್ಟು, ಸುತ್ತಲಿನ ತಿಳಿ ವಲಯವನ್ನು ಅಳೆಯಿರಿ. ಬರೀ ದ್ರಾವಕ ಹಾಗೂ ಬ್ಯಾಕ್ಟೀರಿಯಾ ಬೆಳೆಸದ ಮಾಧ್ಯಮದ ಸಾರಗಳನ್ನೂ ಪಕ್ಕದಲ್ಲಿಡದಿದ್ದರೆ ಆ ಅಳತೆಯನ್ನು ನಾನು ಒಪ್ಪಲಾರೆ.

ಬಳಸಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿಯೇ) ಎಸೆಯಬೇಕು. ಬ್ಯಾಕ್ಟೀರಿಯಾವನ್ನು ಪದೇ ಪದೇ ಹೊಸ ಮಾಧ್ಯಮಕ್ಕೆ ಮರುಬಿತ್ತನೆ ಮಾಡಿದರೆ ಸಂಯುಕ್ತ ತಯಾರಿಸುವ ಶಕ್ತಿ ಕುಂದಬಹುದಾದ್ದರಿಂದ, ಫಲ ಕೊಟ್ಟ ತಳಿಯನ್ನು ಗ್ಲಿಸರಾಲ್‌ನಲ್ಲಿ ಅಂದೇ ಹೆಪ್ಪುಗಟ್ಟಿಸಿಡಿ.