ಹಿಮದಲ್ಲಿ ಮರಸು ಕುಳಿತು: ಮಿನೆಸೋಟಾದ ಡಿಸೆಂಬರ್ ಜಿಂಕೆ ಬೇಟೆಯ ನನ್ನ ಅನುಭವ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಡುವವರಲ್ಲಿ ಹೆಚ್ಚಿನವರು ನವೆಂಬರ್ ತಿಂಗಳ ರೈಫಲ್ ಋತುವಿನಲ್ಲೇ ಕೆಲಸ ಮುಗಿಸಿ, ಆ ತಿಂಗಳ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಕೋವಿಗಳನ್ನು ಒರೆಸಿ ಒಳಗಿಡುತ್ತಾರೆ. ಆ ಹಬ್ಬದ ಆಸುಪಾಸಿನಲ್ಲಿ ಆರಂಭವಾಗಿ ಡಿಸೆಂಬರ್ ಮಧ್ಯದವರೆಗೆ ನಡೆಯುವ, ನಳಿಗೆಯ ಬಾಯಿಂದ ಮದ್ದು ಗುಂಡು ತುಂಬುವ ಕೋವಿಗಳಿಗೆಂದೇ ಮೀಸಲಾದ 16 ದಿನಗಳ ಋತುವನ್ನು ನಾನು ಆರಿಸಿಕೊಂಡಿದ್ದೇನೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ನನಗೆ ಇಂಥ, ಕೇಪು ಸಿಡಿಸಿ ಹಾರಿಸುವ ಕೇಪಿನ ಕೋವಿ ಅಪರಿಚಿತವಲ್ಲ. ಆದರೆ ನಾನು ಹುಟ್ಟುವ ಮೊದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದರಿಂದ ನಮ್ಮ ಮನೆಯ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತಿತ್ತೇ ಹೊರತು ಕಾಡಿಗೆ ಹೋಗುತ್ತಿರಲಿಲ್ಲ. ನಾನು ಬೇಟೆ ಕಲಿತದ್ದು ಇಲ್ಲಿಯೇ, ರಾಜ್ಯದ ಕೋವಿ ಸುರಕ್ಷತಾ ತರಬೇತಿಯನ್ನು ಮುಗಿಸಿ ಪರವಾನಗಿ ಪಡೆದ ನಂತರ.

ಚಳಿಗಾಲದ ಬೇಟೆಗೂ ನವೆಂಬರಿನ ಬೇಟೆಗೂ ಇರುವ ವ್ಯತ್ಯಾಸವೆಲ್ಲ ಜಿಂಕೆಯ ಮೈಯಲ್ಲಿದೆ. ನವೆಂಬರಿನಲ್ಲಿ ಬೆದೆಗಾಲವಾದ್ದರಿಂದ ಗಂಡುಗಳು ಹಗಲಿನಲ್ಲೂ ಎಚ್ಚರ ಮರೆತು ಹೆಣ್ಣುಗಳ ಜಾಡು ಹಿಡಿದು ಓಡಾಡುತ್ತವೆ, ಆ ಓಡಾಟದಲ್ಲಿ ತಮ್ಮ ತೂಕದ ಐದನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುವುದೂ ಉಂಟು. ಡಿಸೆಂಬರಿನಲ್ಲಿ ಆ ಗದ್ದಲವೆಲ್ಲ ಇಳಿದು, ಶರತ್ಕಾಲದಲ್ಲಿ ಮೈಗೂಡಿಸಿಕೊಂಡ ಕೊಬ್ಬೇ ಅವುಗಳ ಕಣಜವಾಗುತ್ತದೆ. ಅವು ಕಡಿಮೆ ತಿನ್ನುತ್ತವೆ, ಕಡಿಮೆ ನಡೆಯುತ್ತವೆ, ಶಕ್ತಿಯನ್ನು ವ್ಯರ್ಥ ಮಾಡುವ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಬೇಸಿಗೆಯ ಕೆಂಗಂದು ಕೂದಲು ಉದುರಿ, ಒಳಗೆ ಗಾಳಿ ತುಂಬಿದ ಟೊಳ್ಳು ಕೂದಲಿನ ಬೂದು ಹೊದಿಕೆ ಬಂದಿರುತ್ತದೆ. ಮಲಗಿದ ಜಿಂಕೆಯ ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಉಳಿಯುವಷ್ಟು ಚೆನ್ನಾಗಿ ಅದು ದೇಹದ ಶಾಖವನ್ನು ಕಾಯುತ್ತದೆ. ಇದನ್ನು ಅರಿತವನು ಚಳಿಗಾಲದಲ್ಲಿ ಜಿಂಕೆಯನ್ನು ಹುಡುಕುತ್ತ ಅಲೆಯುವುದಿಲ್ಲ. ಮೇವು ಎಲ್ಲಿದೆ, ಬಿಸಿಲು ಎಲ್ಲಿ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು, ಅವೆರಡರ ನಡುವಿನ ದಾರಿಯಲ್ಲಿ ಮರಸು ಕೂರುತ್ತಾನೆ, ಅಂದರೆ ಅಡಗಿ ಕುಳಿತು ಕಾಯುತ್ತಾನೆ.

ನಾನು ಹೋಗುವುದು ರಾಜ್ಯದ ಆಗ್ನೇಯ ಮೂಲೆಗೆ, ಮಿಸಿಸಿಪ್ಪಿ ನದಿಯ ಪಡುವಣ ದಂಡೆಯ ಗುಡ್ಡಗಾಡಿಗೆ. ಕೊನೆಯ ಹಿಮಯುಗದ ನೀರ್ಗಲ್ಲು ಈ ಭಾಗವನ್ನು ಸವೆಸಿ ಸಮ ಮಾಡದೆ ಬಿಟ್ಟದ್ದರಿಂದ ಇಲ್ಲಿ ಕಡಿದಾದ ಓಕ್ ಕಾಡಿನ ಇಳಿಜಾರುಗಳೂ ಅವುಗಳ ಮೇಲೆ ಕೆಳಗೆ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳೂ ಒತ್ತೊತ್ತಾಗಿವೆ. ಹೊಲದ ಒಡೆಯರ ಅನುಮತಿಯನ್ನು ನಾನು ಬೇಸಿಗೆಯಲ್ಲೇ ಕೇಳಿಕೊಳ್ಳುತ್ತೇನೆ. ಹಿಮ ಬಿದ್ದ ಮೇಲೆ ದೂರದ ರಸ್ತೆಯಲ್ಲಿ ನಿಂತು ದುರ್ಬೀನಿನಿಂದ, ಕೊಯ್ಲಾದ ಜೋಳದ ಹೊಲದಲ್ಲಿ ಜಿಂಕೆಗಳು ಎಲ್ಲಿ ಹಿಮ ಕೆದಕಿವೆ ಎಂಬುದನ್ನು ನೋಡುತ್ತೇನೆ. ಅವು ಮಲಗುವುದು ವಾಯವ್ಯದ ಕೊರೆವ ಗಾಳಿ ತಾಗದ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ. ಆ ಮಲಗುವ ಜಾಗಕ್ಕೆ ನಾನು ಎಂದೂ ಕಾಲಿಡುವುದಿಲ್ಲ. ಒಮ್ಮೆ ಬೆದರಿ ಎದ್ದ ಹಿಂಡು ದಪ್ಪ ಹಿಮದಲ್ಲಿ ಓಡಿ ಕಳೆದುಕೊಳ್ಳುವ ಕೊಬ್ಬು ಫೆಬ್ರವರಿ, ಮಾರ್ಚ್‌ನಲ್ಲಿ ಅವುಗಳ ಜೀವದ ಪ್ರಶ್ನೆಯಾಗಬಹುದು.

ಉಷ್ಣಾಂಶ ಶೂನ್ಯಕ್ಕಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿಳಿದ ದಿನಗಳಲ್ಲಿ ಜಿಂಕೆಗಳು ಕತ್ತಲಾಗುವುದನ್ನು ಕಾಯದೆ ಮಧ್ಯಾಹ್ನವೇ ಮೇವಿಗೆ ಏಳುವುದರಿಂದ, ನಾನು ಬೆಳಗಿನ ಬೇಟೆಯನ್ನು ಬಿಟ್ಟು ಮಧ್ಯಾಹ್ನದ ಮರಸನ್ನೇ ನೆಚ್ಚಿಕೊಂಡಿದ್ದೇನೆ. ಸಂಜೆ ತಂಪಾದ ಗಾಳಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ. ಜಾಡಿನ ಮೇಲ್ಭಾಗದಲ್ಲಿ ಕುಳಿತವನ ವಾಸನೆ ನೇರವಾಗಿ ಜಿಂಕೆಯ ಮೂಗಿಗೆ ಹೋಗುತ್ತದೆ. ಆದ್ದರಿಂದ ಜಾಡಿಗಿಂತ ತಗ್ಗಿನಲ್ಲಿ, ಬೀಸುವ ಗಾಳಿಗೆ ಎದುರಾಗಿ, ಬಿದ್ದ ಓಕ್ ದಿಮ್ಮಿಗೆ ಒರಗಿ ನೆಲದ ಮೇಲೆಯೇ ಕೂರುತ್ತೇನೆ. ಮಂಜುಗಟ್ಟಿದ ಮೆಟ್ಟಿಲೇರಿ ಮರದ ಅಟ್ಟಣಿಗೆಯಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ದಪ್ಪ ಜಾಕೆಟ್ಟನ್ನು ಹೊತ್ತುಕೊಂಡು ಹೋಗಿ, ಕುಳಿತ ಮೇಲೆ ಧರಿಸಬೇಕು. ನಡೆಯುವಾಗ ಬೆವರಿದರೆ ಆ ಒದ್ದೆಯೇ ಅರ್ಧ ಗಂಟೆಯಲ್ಲಿ ಮೈ ನಡುಗಿಸುತ್ತದೆ. ಉಣ್ಣೆಯ ಒಳ ಉಡುಪಿನ ಮೇಲೆ ಏನೇ ಧರಿಸಿದರೂ ಟೋಪಿಯೂ ಸೊಂಟದ ಮೇಲಿನ ಹೊರ ಉಡುಪೂ ಕಾನೂನು ಹೇಳುವ ಉರಿಗಿತ್ತಳೆ ಅಥವಾ ಉಜ್ವಲ ಗುಲಾಬಿ ಬಣ್ಣದ್ದಾಗಿರಬೇಕು.

ಕೋವಿಯನ್ನು ಋತು ಮುಗಿಯುವವರೆಗೂ ಬೆಚ್ಚಗಿನ ಕೋಣೆಯೊಳಗೆ ತರದೆ, ಕೇಪು ತೆಗೆದು, ಬೀಗ ಹಾಕಿದ ತಣ್ಣನೆಯ ಗ್ಯಾರೇಜಿನಲ್ಲೇ ಇಡುತ್ತೇನೆ. ತಣ್ಣಗಿನ ಕಬ್ಬಿಣ ಬಿಸಿ ಗಾಳಿಗೆ ಬಂದರೆ ನಳಿಗೆಯೊಳಗೆ ನೀರು ಕಟ್ಟಿ ಮದ್ದು ತೇವವಾಗುತ್ತದೆ. ಗುಂಡಿನ ವಿಷಯದಲ್ಲಿ ನನ್ನ ನಿಲುವು ಖಚಿತ: ಸೀಸ ಬೇಡ, ತಾಮ್ರವೇ ಆಗಬೇಕು. ಸೀಸದ ಗುಂಡು ಮೂಳೆಗೆ ತಗುಲಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಾಂಸದಲ್ಲೂ ಕರುಳಿನಲ್ಲೂ ಹರಡುತ್ತದೆ. ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸ ಇರುವುದು 2008ರಲ್ಲಿ ಇದೇ ರಾಜ್ಯದಲ್ಲಿ ಪತ್ತೆಯಾಗಿತ್ತು. ಕಾಡಿನಲ್ಲಿ ಬಿಟ್ಟ ಕರುಳನ್ನು ತಿನ್ನುವ ಬಾಲ್ಡ್ ಈಗಲ್ ಹದ್ದುಗಳಿಗೆ ಆ ಚೂರುಗಳು ವಿಷ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದ ವಬಾಶಾ ಊರಿನ ಬಳಿಯ ನದಿಯಲ್ಲಿ ಆ ಹದ್ದುಗಳು ನೆರೆಯುವುದನ್ನು ನೋಡಿದವರಾರೂ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ನಾನು ಗುರಿಯಿಡುವುದು ಹೆಣ್ಣು ಜಿಂಕೆಗೆ. ಹಿಂಡಿನ ಸಂಖ್ಯೆ ಹತೋಟಿಯಲ್ಲಿರುವುದು ಹೆಣ್ಣುಗಳ ಬೇಟೆಯಿಂದಲೇ. ಆದರೆ ನವೆಂಬರಿನಲ್ಲಿ ಬೆದೆಗೆ ಬಂದು ಹೋದ ಹೆಣ್ಣು ಈ ತಿಂಗಳಲ್ಲಿ ಗಬ್ಬವಾಗಿರುತ್ತದೆ, ಬೆದೆಯಿಂದ ಸುಮಾರು 200 ದಿನಗಳ ನಂತರ ಮೇ ಕೊನೆಯಲ್ಲೋ ಜೂನ್‌ನಲ್ಲೋ ಮರಿ ಹಾಕಬೇಕಾದದ್ದು ಎಂಬುದನ್ನು ಮರೆತು ನಾನು ಕೋವಿಯ ಕುದುರೆ ಎಳೆಯುವುದಿಲ್ಲ. ಅರವತ್ತು ಎಪ್ಪತ್ತು ಗಜಕ್ಕಿಂತ ದೂರವಿದ್ದರೆ, ಅಥವಾ ಜಿಂಕೆ ಪಕ್ಕೆ ತೋರಿಸಿ ನಿಲ್ಲದಿದ್ದರೆ, ಬಿಟ್ಟುಬಿಡುತ್ತೇನೆ. ಈಡು ಹಾರಿದ ಕೂಡಲೇ ಹೊಗೆ ಕಣ್ಣಿಗೆ ಕವಿಯುವುದರಿಂದ, ಜಿಂಕೆ ನಿಂತಿದ್ದ ಜಾಗದ ಬಳಿಯ ಒಂದು ಮರವನ್ನು ಮೊದಲೇ ಗುರುತಿಟ್ಟುಕೊಂಡಿರಬೇಕು. ಹಿಮದ ಮೇಲೆ ರಕ್ತ ಸ್ಪಷ್ಟವಾಗಿ ಮಾತನಾಡುತ್ತದೆ: ನೊರೆಯಿರುವ ತಿಳಿಗೆಂಪು ಶ್ವಾಸಕೋಶದ್ದು, ಗಾಢ ಕೆಂಪು ಯಕೃತ್ತಿನದು, ಹಸಿರು ಬೆರೆತು ನಾರುತ್ತಿದ್ದರೆ ಗುಂಡು ಹೊಟ್ಟೆಗೆ ತಗುಲಿದೆ ಎಂದರ್ಥ, ಆಗ ಹಲವು ಗಂಟೆ ಕಾದೇ ಜಾಡು ಹಿಡಿಯಬೇಕು.

ಬಗೆಯುವ ಕೆಲಸದಲ್ಲಿ ಇಲ್ಲಿ ಇನ್ನೊಂದು ಜಾಗ್ರತೆ ಬೇಕಾಗುತ್ತದೆ. ಜಿಂಕೆಗಳ ಮಿದುಳನ್ನು ಕೊರೆಯುವ, ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಹರಡುವ ಕ್ರಾನಿಕ್ ವೇಸ್ಟಿಂಗ್ ರೋಗ 2002ರಲ್ಲಿ ನೆರೆಯ ವಿಸ್ಕಾನ್ಸಿನ್‌ನಲ್ಲಿಯೂ 2016ರಲ್ಲಿ ಇಲ್ಲಿನ ಫಿಲ್ಮೋರ್ ಕೌಂಟಿಯ ಕಾಡುಜಿಂಕೆಗಳಲ್ಲಿಯೂ ಕಂಡುಬಂದಿತು. ಮನುಷ್ಯರಿಗೆ ಅದು ತಗುಲಿದ್ದು ಸಾಬೀತಾಗಿಲ್ಲವಾದರೂ ಬೇಯಿಸಿದರೆ ಪ್ರಿಯಾನ್ ನಾಶವಾಗುವುದಿಲ್ಲ. ಹಾಗಾಗಿ ಕೈಗವಸು ಹಾಕಿ, ಬೆನ್ನುಹುರಿಯನ್ನೂ ತಲೆಬುರುಡೆಯನ್ನೂ ಕತ್ತರಿಸದೆ, ಮಾಂಸವನ್ನು ಮೂಳೆಯಿಂದ ಬಿಡಿಸಿಕೊಳ್ಳುತ್ತೇನೆ; ಗಂಟಲ ಹಿಂದಿನ ದುಗ್ಧಗ್ರಂಥಿಗಳನ್ನು ಪರೀಕ್ಷೆಗೆ ಕೊಡುತ್ತೇನೆ. ಫಲಿತಾಂಶ ಬರುವವರೆಗೆ ಪೊಟ್ಟಣಗಳು ಫ್ರೀಜರಿನಲ್ಲಿ ಬೇರೆಯಾಗಿಯೇ ಇರುತ್ತವೆ. ಚರ್ಮವನ್ನು ಮೈ ಬೆಚ್ಚಗಿರುವಾಗಲೇ ಸುಲಿಯಬೇಕು, ಹೆಪ್ಪುಗಟ್ಟಿದ ಮೇಲೆ ಅದು ಸುಲಭವಾಗಿ ಬಿಡುವುದಿಲ್ಲ.

ಮನೆಯಲ್ಲಿ ನಾವು ಈ ಮಾಂಸವನ್ನು ಕೊಡಗಿನ ಹುಳಿಯಾದ ಕಾಚಂಪುಳಿ, ಕರಿಮೆಣಸು, ಹುರಿದ ಜೀರಿಗೆ ಕೊತ್ತಂಬರಿ ಪುಡಿ ಹಾಕಿ ಬೇಯಿಸುತ್ತೇವೆ. ಹಂದಿಗೆ ಹೊಂದುವ ಮಸಾಲೆ ಇದಕ್ಕೂ ಹೊಂದುತ್ತದೆ, ಆದರೆ ಹಂದಿಯ ಕೊಬ್ಬಿನಂತೆ ಜಿಂಕೆಯ ಕೊಬ್ಬನ್ನು ಉಳಿಸಿಕೊಳ್ಳಬಾರದು. ಅದು ನಾಲಿಗೆಗೆ ಮೇಣದಂತೆ ಅಂಟಿ ರುಚಿ ಕೆಡಿಸುವುದರಿಂದ, ಬಿಳಿಯ ಪದರವನ್ನೂ ಬೆಳ್ಳಿಯಂಥ ಪೊರೆಯನ್ನೂ ಪೂರ್ತಿ ಕೆರೆದು ತೆಗೆದು, ಬೇರೆ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಬೇಕು.