ಏಕಾದಶಿಗೆ ಬೋಟ್ ಇಳಿಸುವ ನನ್ನ ಪದ್ಧತಿ: ಬೆಳಗಾವಿಯಿಂದ ಉತ್ತರ ಕನ್ನಡದ ಅಳಿವೆಗಳಿಗೆ

ಬೆಳಗಾವಿಯಲ್ಲಿ ಮನೆ, ಕರಾವಳಿಯಲ್ಲಿ ಬೋಟಿಂಗ್, ಎರಡೂ ಆಗೋ ಮಾತಲ್ಲ ಅಂದವರೇ ಜಾಸ್ತಿ. ಉದ್ಯಮಬಾಗದ ನನ್ನ ವರ್ಕ್‌ಶಾಪ್‌ಗೆ ಚಹಾಕ್ಕೆ ಬರುವ ಗೆಳೆಯನಂತೂ "ಬೋಟ್ ತಗೊಂಡು ಎಲ್ಲಿ ಬಿಡ್ತೀಯಪ್ಪಾ, ಕೋಟೆ ಕೆರ್ಯಾಗ?" ಅಂತ ವರ್ಷಗಟ್ಟಲೆ ಕಾಡಿದ. ಈಗ ಅವನೇ ತಿಥಿ ನೋಡಿ ಫೋನ್ ಮಾಡುತ್ತಾನೆ. ತಿಥಿ ನೋಡಿ ಭರತ–ಇಳಿತದ, ಅಂದರೆ ಸಮುದ್ರದ ನೀರು ಹೊಳೆಗೆ ಏರಿ ಇಳಿಯುವ, ಹೊತ್ತು ಹಿಡಿದರೆ ಸಮುದ್ರಕ್ಕೆ ಕಾಲಿಡದೆ, ಬರೀ ಆರು ಎಚ್‌ಪಿ ಎಂಜಿನ್ ಇಟ್ಟುಕೊಂಡು ಹಳೇ ಬಂದರು ಊರುಗಳನ್ನು ಹೊಳೆಯ ದಾರಿಯಲ್ಲಿ ನೋಡಿ ಬರಬಹುದು. ಬೋಟ್ ಇದ್ದವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಲೈಫ್ ಜಾಕೆಟ್, ಲಂಗರಿನ ಪಾಠ ಇಲ್ಲಿಲ್ಲ.

ಮೊದಲು ದುಡ್ಡಿನ ಮಾತು. ಗಾಳಿ ತುಂಬುವ ಬೋಟ್‌ನಿಂದ ಶುರು ಮಾಡಿದ್ದೆ, ಮೂವತ್ತೈದು ಸಾವಿರದ ಆಸುಪಾಸು. ಹಿಡಕಲ್ ಹಿನ್ನೀರಿನಲ್ಲಿ ಚೆನ್ನಾಗಿಯೇ ಓಡಿತು. ಕರಾವಳಿಯಲ್ಲಿ ಕಲ್ಲಿಗೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನ ಹಾಗೆ ಇರುತ್ತವೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ತದಡಿಯಲ್ಲಿ ದಡಕ್ಕೆ ಎಳೆಯುವಾಗ ಒಂದು ಬದಿ ಉದ್ದಕ್ಕೂ ಸೀಳಿತು. ಪ್ಯಾಚ್ ಹಾಕಿದೆ, ಬಿಚ್ಚಿಕೊಂಡಿತು, ಮತ್ತೆ ಹಾಕಿದೆ. ಕೊನೆಗೆ ಅದನ್ನು ಅರ್ಧ ರೇಟಿಗೆ ಕೊಟ್ಟು, ಹನ್ನೆರಡು ಅಡಿಯ ಹಳೇ ಫೈಬರ್ ದೋಣಿ ತಗೊಂಡೆ. ದೋಣಿಗೆ ನಲವತ್ತು ಚಿಲ್ಲರೆ, ಸೆಕೆಂಡ್ ಹ್ಯಾಂಡ್ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ಗೆ ಎಪ್ಪತ್ತು ಸಾವಿರ ಇರಬೇಕು. ಟ್ರೇಲರ್ ನಮ್ಮ ಶಾಪ್‌ನಲ್ಲೇ ವೆಲ್ಡ್ ಮಾಡಿದ್ದರಿಂದ ಇಪ್ಪತ್ತೈದರೊಳಗೆ ಮುಗಿಯಿತು. ಹೊರಗೆ ಮಾಡಿಸಿದ್ದರೆ ಡಬಲ್.

ನನ್ನ ಜೇಬು ಕತ್ತರಿಸಿದ್ದು ಅದೇ ಟ್ರೇಲರ್. ಖಾನಾಪುರ, ಅಳ್ನಾವರ, ಹಳಿಯಾಳ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ ಇಳಿಯುವ ಹೊತ್ತಿಗೆ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಕೈ ಇಡಲಾಗದಷ್ಟು ಕಾದಿರುತ್ತದೆ. ಆ ಬಿಸಿಯಲ್ಲೇ ಚಕ್ರವನ್ನು ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೀಲ್ ಸಂದಿಯಿಂದ ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತದೆ. ಮನೆಗೆ ಬಂದು ಹಬ್ ಬಿಚ್ಚಿದರೆ ಗ್ರೀಸ್ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿರುತ್ತಿತ್ತು, ಬೇರಿಂಗ್ ಗುಂಡುಗಳ ಮೇಲೆ ಕೆಂಪು ಚುಕ್ಕೆ. ಒಂದು ಸಲ ವಾಪಸ್ ಬರುವಾಗ ಘಟ್ಟದ ಮಧ್ಯೆಯೇ ಬೇರಿಂಗ್ ಜಾಮ್ ಆಗಿ, ರಾತ್ರಿಯಿಡೀ ಲಾರಿಗಳ ಹಾರ್ನ್ ಕೇಳುತ್ತ ಕೂತಿದ್ದೆವು. ಈಗ ಟ್ರೇಲರ್ ನೀರು ಮುಟ್ಟುವುದೇ ಇಲ್ಲ. ದೋಣಿಯ ಹಿಂಬದಿಗೆ ಎರಡು ಮಡಚುವ ಚಕ್ರ ಕೂರಿಸಿದ್ದೇನೆ, ಇಬ್ಬರು ಹಿಡಿದರೆ ಮರಳಿನ ಮೇಲೆ ಉರುಳಿಕೊಂಡು ಹೋಗುತ್ತದೆ. ಆ ಚಕ್ರದ ಬುಶ್ ಯಾವುದರಿಂದ ಮಾಡಿದ್ದು ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಹೇಳುವುದಿಲ್ಲ, ನಾಳೆ ನಾನೇ ಮಾಡಿ ಮಾರಬೇಕು ಅಂತಿದ್ದೇನೆ.

ಇನ್ನು ಅಸಲಿ ವಿಷಯ. ತದಡಿಯಿಂದ ಅಘನಾಶಿನಿಯಲ್ಲಿ ಮೇಲಕ್ಕೆ, ಹಳೇ ಕೋಟೆಯ ಊರು ಮಿರ್ಜಾನಿಗೆ ಹೊಳೆಯಲ್ಲಿ ಹತ್ತು ಕಿಲೋಮೀಟರ್ ಆಸುಪಾಸು. ಏನು ಮಹಾ ದೂರ ಅಲ್ವಾ? ಆದರೂ ಮೊದಮೊದಲು ಒಂಬತ್ತು ಲೀಟರ್ ಪೆಟ್ರೋಲ್ ಸುಟ್ಟು, ಮೈಯೆಲ್ಲ ತೊಯ್ಸಿಕೊಂಡು ಬರುತ್ತಿದ್ದೆವು. ಮೇಲೆ ಹೋಗುವಾಗ ಇಳಿತದ ನೀರು ಎದುರು. ಸಂಜೆ ಕಡೆ ವಾಪಸ್ ಬರುವಾಗ ಪಡುವಣ ಗಾಳಿ ಎದುರು. ನೀರು ಸಮುದ್ರದ ಕಡೆ ಇಳಿಯುತ್ತಿದ್ದು ಗಾಳಿ ಸಮುದ್ರದಿಂದ ಬಂದರೆ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಗಿಡ್ಡನೆಯ, ಕಡಿದಾದ ಅಲೆ ಏಳುತ್ತವೆ. ಹನ್ನೆರಡು ಅಡಿ ದೋಣಿಗೆ ಅದು ಸಾಕು. ಹಾಗಂತ ಲೇಟಾಗಿ ಹೊರಟರೆ ಇನ್ನೊಂದು ಪೀಕಲಾಟ. ಮಿರ್ಜಾನಿನ ಕಡೆ ಹೊಳೆಯ ಒಂದು ಸಣ್ಣ ಕವಲಿನಲ್ಲಿ ನೀರಿಳಿದು ಕೆಸರಿನ ಮೇಲೆ ಕೂತುಬಿಟ್ಟೆವು. ದೋಣಿಯಿಂದ ಇಳಿದರೆ ಮೊಣಕಾಲವರೆಗೆ ಹೂತುಹೋಗುತ್ತದೆ. ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಮುಂದಿನ ಭರತ ಬರುವವರೆಗೆ ಸುಮ್ನೆ ಕಾದೆವು. ಬಳಚು (ಚಿಪ್ಪುಮೀನು) ತೆಗೆಯಲು ಬಂದಿದ್ದ ಅಜ್ಜ ಒಬ್ಬರು ನಮ್ಮನ್ನು ನೋಡಿ ನಕ್ಕು, "ಗಾಳಿ ಏಳೂ ಮೊದ್ಲು ವಾಪಸ್ ಬರ್ಬೇಕು ಮಾರಾಯ್ರೆ" ಅಂದರು. ಅಷ್ಟೇ ಅಂದಿದ್ದು.

ಮನೆಗೆ ಬಂದವನು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತೆ. ಕಾರವಾರದ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ ಭರತ ತುಂಬುತ್ತದೆ. ದಿನಕ್ಕೆ ಐವತ್ತು ನಿಮಿಷದಷ್ಟು ಅದು ಮುಂದೆ ಹೋಗುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಅದನ್ನೇ ಹಿಂದಕ್ಕೆ ಲೆಕ್ಕ ಹಾಕಿ. ಹುಣ್ಣಿಮೆಗೆ ನಾಲ್ಕು ದಿನ ಮೊದಲು, ಅಂದರೆ ಏಕಾದಶಿಗೆ, ಬೆಳಿಗ್ಗೆ ಎಂಟೂವರೆ–ಒಂಬತ್ತಕ್ಕೆ ನೀರು ತುಂಬುತ್ತದೆ. ಆರು ಗಂಟೆಗೆ ದೋಣಿ ಇಳಿಸಿದರೆ ಏರುವ ನೀರೇ ಮೇಲಕ್ಕೆ ತಳ್ಳುತ್ತದೆ. ಒಂಬತ್ತೂವರೆ–ಹತ್ತಕ್ಕೆ ತಿರುಗಿಸಿದರೆ ಇಳಿಯುವ ನೀರು ಕೆಳಗೆ ತರುತ್ತದೆ. ಗಾಳಿ ಜೋರಾಗುವ ಹೊತ್ತಿಗೆ ನೀವು ತದಡಿಯಲ್ಲಿ ಮೀನೂಟಕ್ಕೆ ಕೂತಿರುತ್ತೀರಿ. ದ್ವಾದಶಿಯೂ ನಡೆಯುತ್ತದೆ. ಹುಣ್ಣಿಮೆ ದಿನ ಮಾತ್ರ ಬೇಡ, ಸೆಳೆತವೂ ಜಾಸ್ತಿ, ವಾಪಸ್ ದಾರಿಯಲ್ಲಿ ಗಾಳಿಯೂ ಎದುರು. ಕ್ಯಾಲೆಂಡರ್ ದಿನ ಆರಿಸೋಕೆ ಅಷ್ಟೇ. ಹೊರಡುವ ಮುಂಚೆ ಕಾರವಾರದ ಟೈಡ್ ಟೇಬಲ್, ಅಂದರೆ ಭರತ–ಇಳಿತದ ವೇಳಾಪಟ್ಟಿ, ನೋಡಲೇಬೇಕು. ಮೇಲಿನ ಊರುಗಳಲ್ಲಿ ನೀರು ತಿರುಗುವುದು ಇನ್ನೂ ತಡ, ಮುಕ್ಕಾಲು ಗಂಟೆಯಾದರೂ ಕೂಡಿಸಿಕೊಳ್ಳಿ.

ಪೆಟ್ರೋಲ್ ಒಂಬತ್ತರಿಂದ ಮೂರು–ಮೂರೂವರೆ ಲೀಟರಿಗೆ ಬಂತು. ನಂಬದವರನ್ನು ಜೊತೆಗೇ ಕೂರಿಸಿಕೊಂಡು ಕ್ಯಾನ್ ಅಳೆದು ತೋರಿಸಿದೆ. ನಿಜ ಹೇಳಬೇಕೆಂದರೆ ಬೆಳಗಾವಿಯಿಂದ ಬೊಲೆರೊ ಕುಡಿಯುವ ಡೀಸೆಲ್ ಮುಂದೆ ಈ ಉಳಿತಾಯ ಏನೂ ಅಲ್ಲ. ಮೈ ತೊಯ್ಯದೆ, ಹೆದರದೆ ಬರುತ್ತೇವಲ್ಲ, ಲಾಭ ಅಲ್ಲಿರುವುದು. ನಮ್ಮ ಮನೆಯವರು ಈಗ ಬರಲು ಒಪ್ಪಿದ್ದೂ ಅದಕ್ಕೇ. ಅವರದು ಏಕಾದಶಿ ಉಪವಾಸ, ನಮ್ಮದು ಮೀನು. ಅದೊಂದು ಬೇರೆ ಜಗಳ.

ಮಿರ್ಜಾನ್ ಕೋಟೆಗೆ ದೋಣಿ ನೇರ ಮುಟ್ಟುವುದಿಲ್ಲ, ಕೊನೆಗೆ ನಡೆಯಬೇಕು. ಕೆಂಪು ಜಂಬಿಟ್ಟಿಗೆಯ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು. ದೀಪಾವಳಿ ಕಳೆದ ಮೇಲೆ ಹೋದರೆ ಗೋಡೆ, ಮೆಟ್ಟಿಲ ಮೇಲೆಲ್ಲ ಇನ್ನೂ ಹಸಿರು ಹುಲ್ಲು. 16ನೇ ಶತಮಾನದಲ್ಲಿ ಇದು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ಕಾರಿನಲ್ಲಿ ಹೋದವರಿಗೆ ಹೆದ್ದಾರಿ ಪಕ್ಕದ ಇನ್ನೊಂದು ಕೋಟೆ ಅಷ್ಟೇ. ಹೊಳೆಯಿಂದ ಹೋದರೆ ಕಡಲ ದಂಡೆ ಬಿಟ್ಟು ಇಷ್ಟು ಒಳಗೆ ಯಾಕೆ ಕಟ್ಟಿದರು ಅನ್ನುವುದು ಕೇಳದೆಯೇ ಗೊತ್ತಾಗುತ್ತದೆ. ದಾರಿಯಲ್ಲಿ ಕಗ್ಗ ಭತ್ತದ ಗಜನಿ ಗದ್ದೆಗಳು ಸಿಗುತ್ತವೆ, ಉಪ್ಪುನೀರು ತಡೆದುಕೊಳ್ಳುವ ಭತ್ತ. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಹಾಗಾಗಿ ನನ್ನ ಲೆಕ್ಕ ಅಲ್ಲಿ ತಪ್ಪುವುದು ಕಡಿಮೆ.

ಶರಾವತಿ ಹಾಗಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಕಡೆ ಇದೇ ಲೆಕ್ಕದಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಏರುವ ನೀರಿನ ತಳ್ಳು ನಿಂತೇಹೋಯಿತು, ಎದುರಿಂದ ತಣ್ಣನೆ ನೀರು ಬರತೊಡಗಿತು. ಮೇಲೆ ಗೇರುಸೊಪ್ಪೆಯ ಪವರ್‌ಹೌಸ್ ಇದೆ, ಕರೆಂಟ್ ತೆಗೆಯುವಾಗ ನೀರು ಹೊಳೆಗೆ ಬರುತ್ತದೆ. ಟೈಡ್ ಟೇಬಲ್‌ನಲ್ಲಿ ಅದು ಬರೆದಿರುವುದಿಲ್ಲ. ಅದಕ್ಕೇ ಈಗ ಅಲ್ಲಿ ಅರ್ಧಕ್ಕೇ ತಿರುಗುತ್ತೇವೆ, ಉಳಿದ ಹೊತ್ತು ಹೊನ್ನಾವರದಲ್ಲಿ. 14ನೇ ಶತಮಾನದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿಗೆ ಬಂದಾಗ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ಕಂಡೆ ಅಂತ ಬರೆದಿದ್ದಾನೆ. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸರ ಅಲ್ಬುಕರ್ಕ್‌ಗೆ ನೆರವಾದ ತಿಮ್ಮಯ್ಯನೂ ಈ ಊರಿನ ಹಡಗುಗಳ ಒಡೆಯನೇ. ಬಸವರಾಜದುರ್ಗ ದ್ವೀಪದ ಕೋಟೆ ಅಳಿವೆಯಾಚೆ ಸಮುದ್ರದಲ್ಲಿದೆ. ನಮ್ಮ ದೋಣಿಯಲ್ಲಿ ಹೋಗುವುದಿಲ್ಲ, ಬೇಕಾದರೆ ಊರಿನ ದೋಣಿಯವರನ್ನು ಕೇಳಿ.

ನಡುವೆ ಹುಚ್ಚು ಪ್ರಯೋಗಗಳೂ ಆದವು. ಪರಿಚಯದ ಫೌಂಡ್ರಿಯಲ್ಲಿ ಅಲ್ಯೂಮಿನಿಯಂ ಪ್ರೊಪೆಲರ್ ಎರಕ ಹೊಯ್ಸಿದೆ, ಹಿಡಕಲ್‌ನಲ್ಲಿ ಒಂದೂವರೆ ಕಿಲೋಮೀಟರ್ ಸ್ಪೀಡ್ ಜಾಸ್ತಿ ಬಂತು. ತದಡಿಯ ಮರಳು ತಾಗಿದ ಮೊದಲ ದಿನವೇ ಒಂದು ರೆಕ್ಕೆ ಮುರಿಯಿತು. ಕಂಪನಿಯದ್ದೇ ವಾಸಿ. ಪ್ರೊಪೆಲರ್ ಎಲ್ಲಾದರೂ ಬಡಿದರೆ ತಾನು ಮುರಿದು ಎಂಜಿನ್ ಉಳಿಸುವ ಶಿಯರ್ ಪಿನ್ ಮಾತ್ರ ಹಿತ್ತಾಳೆ ರಾಡ್‌ನಿಂದ ನಾವೇ ಲೇತ್‌ನಲ್ಲಿ ತೆಗೆಯುತ್ತೇವೆ, ಒಂದಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ಇನ್ನೊಂದು ಸಲ ಬಿದಿರು, ತಾಡಪಾಲು ಕಟ್ಟಿ ಹಾಯಿ ಮಾಡಿದೆವು. ಮಧ್ಯಾಹ್ನದ ಪಡುವಣ ಗಾಳಿಗೆ ಶರಾವತಿಯಲ್ಲಿ ಎಂಜಿನ್ ಬಂದ್ ಮಾಡಿ ಎರಡು ಕಿಲೋಮೀಟರ್ ಮೇಲೆ ಹೋದೆವು. ವಾಪಸ್ ಬರೋಕೆ ಹಾಯಿ ಯಾವ ಕೆಲಸಕ್ಕೂ ಬರಲಿಲ್ಲ ಅನ್ನಿ.

ಮುಂದಿನದು ಕಾರವಾರದ ಕಾಳಿ ಹೊಳೆ. ಸದಾಶಿವಗಡದ ಬುಡದಿಂದ ಕಡವಾಡದ ಕಡೆ. ರವೀಂದ್ರನಾಥ ಟಾಗೋರರು ಚಿಕ್ಕ ವಯಸ್ಸಿನಲ್ಲಿ ಕಾರವಾರದ ಅಣ್ಣನ ಮನೆಗೆ ಬಂದಾಗ ಬೆಳದಿಂಗಳಲ್ಲಿ ಇದೇ ಹೊಳೆಯಲ್ಲಿ ದೋಣಿ ಹತ್ತಿದ್ದರು. ಮೇಲೆ ಕದ್ರಾ ಡ್ಯಾಮ್ ಇರುವುದರಿಂದ ಶರಾವತಿಯ ಕಾಟ ಇಲ್ಲೂ ಇರುತ್ತದೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ, ಆ ಕಡೆ ತಲೆ ಹಾಕುವ ಮಾತೇ ಇಲ್ಲ. ಕರಾವಳಿ ಕಾವಲು ಪೊಲೀಸರಿಗೆ ಹೇಳಿಯೇ ಇಳಿಯುವುದು. ಜೊತೆಗೆ ಬರುವವರು ಟ್ರೇಲರ್‌ಗೆ ಒಂದು ಜೊತೆ ಬೇರಿಂಗ್ ಎಕ್ಸ್‌ಟ್ರಾ ಇಟ್ಟುಕೊಳ್ಳಿ, ಘಟ್ಟದಲ್ಲಿ ನನ್ನದನ್ನು ಕೊಡುವುದಿಲ್ಲ.